ಹಬ್ಬದ ದಿನ ಡ್ಯೂಟಿಯಲ್ಲಿರುವ ಸೈನಿಕರಿಗೆ ಥ್ಯಾಂಕ್ಸ್ ಹೇಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಣ್ಣ ಸೇನೆಯಲ್ಲಿದ್ದವನು, ಈಗ ರಿಟೈರ್ ಆಗಿದ್ದಾನೆ. ಅವನು ಸರ್ವಿಸ್‌ನಲ್ಲಿದ್ದಷ್ಟು ವರ್ಷವೂ ಹಬ್ಬ ಹತ್ತಿರ ಬಂತು ಅಂದರೆ ಗೆಳೆಯರು, ಪಕ್ಕದ ಮನೆಯವರು, ಮಕ್ಕಳ ಶಾಲೆಯ ಟೀಚರ್‌ಗಳು ನನ್ನನ್ನು ಹಿಡಿದು ನಿಲ್ಲಿಸಿ ಅದೇ ಪ್ರಶ್ನೆಗಳನ್ನು ಕೇಳುತ್ತಿದ್ದರು. ಏನು ಕಳಿಸಬಹುದು? ಏನು ಬರೆಯಬೇಕು? ದುಡ್ಡು ಕೊಟ್ಟರೆ ಸರಿಯಾದ ಕೈಗೆ ಹೋಗುತ್ತಾ? ಈಗಲೂ ಕೇಳುತ್ತಾರೆ. ಪ್ರತಿ ಸಲ ಹೇಳಿದ್ದನ್ನೇ ಹೇಳುವ ಬದಲು ಒಂದು ಕಡೆ ಬರೆದಿಟ್ಟರೆ ಆಯ್ತಲ್ಲ ಅಂತ ಕೂತೆ. ಕೆಲವು ಉತ್ತರ ಉದ್ದ ಆಗಿವೆ, ಕೆಲವು ಎರಡೇ ಸಾಲು. ಕೇಳುವವರ ಮನಸ್ಸು ಒಳ್ಳೆಯದೇ. ಆದರೆ ಈ ಥ್ಯಾಂಕ್ಸ್ ಅನ್ನುವುದು ಕೆಲವೊಮ್ಮೆ ಹೇಳಿದವರಿಗೆ ಹಗುರ, ಕೇಳಿಸಿಕೊಂಡವರಿಗೆ ಭಾರ ಆಗಿಬಿಡುತ್ತದೆ. ಅದನ್ನು ತಪ್ಪಿಸುವುದು ಹೇಗೆ ಅನ್ನುವುದೇ ನನ್ನ ಮುಖ್ಯ ತಲೆನೋವು.

ಪ್ರಶ್ನೆ: ಈಗ ಯುದ್ಧವೇ ನಡೆಯುತ್ತಿಲ್ಲವಲ್ಲ. ಆದರೂ ಹಬ್ಬದ ದಿನ ಇಷ್ಟೊಂದು ನೆನೆಯಬೇಕಾ?

ಯುದ್ಧ ಇದ್ದಾಗ ಮಾತ್ರ ಸೈನಿಕರಿಗೆ ಕೆಲಸ ಅಂತ ನಾವು ಅಂದುಕೊಂಡಿದ್ದೇವೆ. ಸಿಯಾಚಿನ್ ನೋಡಿ. 1984ರಿಂದ ಅಲ್ಲಿ ಸೈನಿಕರು ಕಾಯುತ್ತಿದ್ದಾರೆ. 2003ರ ನವೆಂಬರ್‌ನಲ್ಲಿ ಕದನ ವಿರಾಮ ಬಂತು, ಕಾವಲು ಮಾತ್ರ ನಿಲ್ಲಲಿಲ್ಲ. ಅಲ್ಲಿ ಗುಂಡಿಗಿಂತ ಚಳಿಗೆ, ಹಿಮಕುಸಿತಕ್ಕೆ, ಎತ್ತರದ ಕಾಯಿಲೆಗೆ ಪ್ರಾಣ ಬಿಟ್ಟವರೇ ಜಾಸ್ತಿ. 2016ರ ಫೆಬ್ರವರಿ 3ರಂದು ಹಿಮಕುಸಿತದಲ್ಲಿ 10 ಮಂದಿ ಹೂತುಹೋದದ್ದು, ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು 6 ದಿನದ ಮೇಲೆ ಮಂಜಿನಡಿಯಿಂದ ಜೀವಂತ ಹೊರತೆಗೆದದ್ದು, ಎಲ್ಲರೂ ಟೀವಿ ಮುಂದೆ ಕೂತು ಹರಕೆ ಹೊತ್ತದ್ದು, ಕೊನೆಗೆ ಫೆಬ್ರವರಿ 11ರಂದು ಅವರು ತೀರಿಕೊಂಡದ್ದು ನಿಮಗೆ ನೆನಪಿರಬೇಕು. ಆಗ ಯಾವ ಯುದ್ಧವೂ ಇರಲಿಲ್ಲ. ಮಾಮೂಲಿ ಡ್ಯೂಟಿ, ಅಷ್ಟೇ.

ಇನ್ನು ಹಬ್ಬದ ದಿನವೇ ಯಾಕೆ ಅಂದರೆ, ಉಳಿದ ದಿನ ಅವರಿಗೂ ಮನೆ ಅಷ್ಟಾಗಿ ಕಾಡುವುದಿಲ್ಲವಂತೆ. ಕೆಲಸ ಇರುತ್ತದೆ, ಸುಸ್ತಾಗುತ್ತದೆ, ಮಲಗುತ್ತಾರೆ. ಹಬ್ಬದ ದಿನ ಮಾತ್ರ ಈಗ ಮನೆಯಲ್ಲಿ ಯಾರ್ಯಾರು ಎದ್ದಿರಬಹುದು, ಯಾರು ಸ್ನಾನಕ್ಕೆ ಹೋಗಿರಬಹುದು ಅಂತ ಗಂಟೆ ಗಂಟೆಗೂ ಲೆಕ್ಕ ಹಾಕುತ್ತಾರೆ. ಅಣ್ಣ ಹೇಳಿದ ಮಾತು ಇದು.

ಪ್ರಶ್ನೆ: ಹಬ್ಬದ ದಿನ ಅವರು ಅಲ್ಲಿ ಏನು ಮಾಡುತ್ತಾರೆ? ಹಬ್ಬ ಇರುತ್ತಾ ಇಲ್ವಾ?

ಇರುತ್ತದೆ. ಭಾರತೀಯ ಸೇನೆಯಲ್ಲಿ ಬಡಾಖಾನಾ ಅಂತ ಇದೆ, ಅಧಿಕಾರಿ, ಜವಾನ ಎಲ್ಲರೂ ಒಟ್ಟಿಗೆ ಕೂತು ಮಾಡುವ ದೊಡ್ಡ ಊಟ. ಯೂನಿಟ್‌ಗಳಲ್ಲಿ ಸರ್ವ ಧರ್ಮ ಸ್ಥಳ ಅಂತ ಒಂದೇ ಸೂರಿನ ಕೆಳಗೆ ಎಲ್ಲ ಧರ್ಮದವರಿಗೂ ಪ್ರಾರ್ಥನೆಗೆ ಜಾಗ ಇರುತ್ತದೆ. ಹಾಗಾಗಿ ಯಾರ ಹಬ್ಬವಾದರೂ ಎಲ್ಲರ ಹಬ್ಬ. ಬ್ರಿಟಿಷ್ ಸೇನೆಯಲ್ಲಿ ಒಂದು ಮಜವಾದ ಪದ್ಧತಿ ಇದೆ. ಕ್ರಿಸ್‌ಮಸ್ ಬೆಳಗ್ಗೆ ಅಧಿಕಾರಿಗಳು, ಸಾರ್ಜೆಂಟ್‌ಗಳು ಕೆಳಗಿನ ದರ್ಜೆಯ ಸೈನಿಕರ ಹಾಸಿಗೆಯ ಹತ್ತಿರವೇ ಹೋಗಿ ರಮ್ ಬೆರೆಸಿದ ಚಹಾ ಕೊಡುತ್ತಾರೆ. ಅದಕ್ಕೆ 'ಗನ್‌ಫೈರ್' ಅಂತ ಹೆಸರು. ಮಧ್ಯಾಹ್ನದ ಊಟವನ್ನೂ ಅಧಿಕಾರಿಗಳೇ ಬಡಿಸುತ್ತಾರೆ. ಅಮೆರಿಕದ ಸೇನೆಯಲ್ಲೂ ಥ್ಯಾಂಕ್ಸ್‌ಗಿವಿಂಗ್ ದಿನ ದೊಡ್ಡ ಹುದ್ದೆಯವರು ಏಪ್ರನ್ ಕಟ್ಟಿಕೊಂಡು ಸೌಟು ಹಿಡಿಯುತ್ತಾರೆ. ವರ್ಷವಿಡೀ ಸೆಲ್ಯೂಟ್ ಹೊಡೆಸಿಕೊಂಡವರು ಒಂದು ದಿನ ತಟ್ಟೆ ಹಿಡಿದು ಬರುವುದನ್ನು ನೋಡುವುದೇ ಅರ್ಧ ಹಬ್ಬ ಅಂತೆ.

ಆದರೆ ಅಷ್ಟು ಹೊತ್ತೂ ಯಾರೋ ಕೆಲವರು ಕಾವಲಿನಲ್ಲಿ ಇರಲೇಬೇಕು. ಅವರ ಪಾಲಿನ ಊಟ ಡಬ್ಬಿಯಲ್ಲಿ ಹೋಗುತ್ತದೆ, ಹೋಗುವಷ್ಟರಲ್ಲಿ ತಣ್ಣಗಾಗಿರುತ್ತದೆ.

ಪ್ರಶ್ನೆ: ಹಬ್ಬಕ್ಕೆ ಎಲ್ಲರಿಗೂ ರಜೆ ಕೊಡೋಕೆ ಆಗಲ್ವಾ?

ಆಗಲ್ಲ. ಎಲ್ಲರೂ ಒಂದೇ ದಿನ ಕೇಳುತ್ತಾರೆ, ಅಲ್ವಾ? ಸರದಿ ಪ್ರಕಾರ ಕೊಡುತ್ತಾರೆ. ಸಣ್ಣ ಮಕ್ಕಳಿರುವವರು ಮೊದಲು ಹೋಗಲಿ ಅಂತ ಮದುವೆಯಾಗದ ಹುಡುಗರು ತಮ್ಮ ಸರದಿ ಬಿಟ್ಟುಕೊಡುವುದೂ ಉಂಟು. ನನ್ನ ಅಣ್ಣ ಹಾಗೆ ಎರಡು ಸಲ ಬಿಟ್ಟುಕೊಟ್ಟ. ಅಮ್ಮನಿಗೆ ಮಾತ್ರ "ರಜೆ ಸಿಗಲಿಲ್ಲ" ಅಂದಿದ್ದ. ನಿಜ ಏನು ಅಂತ ಅವನ ಮದುವೆಯಲ್ಲಿ ಅವನ ಜೊತೆಯವರು ಬಾಯಿಬಿಟ್ಟರು.

ಪ್ರಶ್ನೆ: ಬಸ್ಸಿನಲ್ಲೋ ರೈಲಿನಲ್ಲೋ ಸೈನಿಕರು ಸಿಕ್ಕಿದರೆ "ನಿಮ್ಮ ಸೇವೆಗೆ ಧನ್ಯವಾದ" ಅನ್ನಬಹುದಾ? ಮುಜುಗರ ಆಗುತ್ತಾ?

ಅನ್ನಬಹುದು. ಮುಜುಗರವೂ ಆಗಬಹುದು. ಎರಡೂ ನಿಜ.

ಯಾಕೆ ಮುಜುಗರ ಅಂದರೆ, ಆ ಮಾತಿಗೆ ಏನು ಉತ್ತರ ಕೊಡಬೇಕು ಅಂತ ಅವರಿಗೆ ಗೊತ್ತಾಗುವುದಿಲ್ಲ. "ಪರವಾಗಿಲ್ಲ" ಅನ್ನೋಕೆ ಆಗುತ್ತಾ? ಕೆಲವರಿಗೆ ತಾವು ಅಂಥದ್ದೇನೂ ಮಾಡಿಲ್ಲ ಅನ್ನಿಸುತ್ತದೆ. ಸ್ಟೋರಿನಲ್ಲಿ ಲೆಕ್ಕ ಬರೆಯುವವರು, ಅಡುಗೆ ಮಾಡುವವರು, ಗಾಡಿ ರಿಪೇರಿ ಮಾಡುವವರೂ ಸೇನೆಯಲ್ಲೇ ಇದ್ದಾರೆ. ಇನ್ನು ಕೆಲವರಿಗೆ ಜೊತೆಯಲ್ಲಿದ್ದು ವಾಪಸ್ ಬರದವರ ಮುಖ ನೆನಪಾಗುತ್ತದೆ, ಆ ಧನ್ಯವಾದ ಅವರಿಗೆ ಸಲ್ಲಬೇಕಿತ್ತು ಅನ್ನಿಸುತ್ತದೆ. ಇದೆಲ್ಲ ರೈಲಿನ ಬಾಗಿಲಲ್ಲಿ ನಿಂತು ನಿಮಗೆ ವಿವರಿಸುವ ಮಾತಲ್ಲ, ಹಾಗಾಗಿ ನಕ್ಕು ಸುಮ್ಮನಾಗುತ್ತಾರೆ.

ನನ್ನ ಸಲಹೆ ಇಷ್ಟೇ. ಚಿಕ್ಕದಾಗಿ ಹೇಳಿ, ಉತ್ತರಕ್ಕೆ ಕಾಯಬೇಡಿ. "ಹಬ್ಬಕ್ಕೆ ಮನೆಗೆ ಹೊರಟಿದ್ದೀರಾ? ಖುಷಿಯಾಯ್ತು" ಅಂದರೆ ಸಾಕು. ಬ್ಯಾಗ್ ಇಡೋಕೆ ಜಾಗ ಮಾಡಿಕೊಡಿ. ಕಿಟಕಿ ಪಕ್ಕದ ಸೀಟು ಬಿಟ್ಟುಕೊಡಿ. ಸೆಲ್ಫಿ ಕೇಳಬೇಡಿ. ನಾಲ್ಕು ದಿನ ಪ್ರಯಾಣ ಮಾಡಿ ಬಂದವರಿಗೆ ಬೇಕಾಗಿರುವುದು ನಿದ್ದೆ.

ಮತ್ತೆ ಈ ಪ್ರಶ್ನೆಗಳನ್ನು ದಯವಿಟ್ಟು ಕೇಳಬೇಡಿ: ಎಷ್ಟು ಜನರನ್ನು ಹೊಡೆದಿದ್ದೀರಿ, ಭಯ ಆಗಲ್ವಾ, ಸಂಬಳ ಎಷ್ಟು. ಮೊದಲನೆಯದನ್ನು ಜನ ನಿಜವಾಗಿಯೂ ಕೇಳುತ್ತಾರೆ. ಊಟದ ಪಂಕ್ತಿಯಲ್ಲಿ, ಮಕ್ಕಳ ಎದುರಿಗೇ ಕೇಳಿದ್ದನ್ನು ನಾನೇ ನೋಡಿದ್ದೇನೆ. ಅಣ್ಣ ಎದ್ದು ಕೈ ತೊಳೆಯೋಕೆ ಹೋದ. ಎಲೆಯಲ್ಲಿ ಅರ್ಧ ಊಟ ಹಾಗೇ ಇತ್ತು.

ಪ್ರಶ್ನೆ: ಕಾಗದ ಬರೆಯುವುದು ಈ ಕಾಲದಲ್ಲಿ ಹಳೆಯದಾಯ್ತಲ್ವಾ? ವಾಟ್ಸಾಪ್ ಸಾಕಲ್ವಾ?

ಸಿಗ್ನಲ್ ಇರುವ ಕಡೆ ವಾಟ್ಸಾಪ್ ಸಾಕು. ಸಿಗ್ನಲ್ ಇಲ್ಲದ ಕಡೆ, ಫೋನ್ ಇಟ್ಟುಕೊಳ್ಳುವ ಹಾಗಿಲ್ಲದ ಕಡೆ, ಸಮುದ್ರದ ಮಧ್ಯೆ ಕಾಗದವೇ ಗತಿ. ಅದಕ್ಕಿಂತ ಮುಖ್ಯ, ಕಾಗದವನ್ನು ಮತ್ತೆ ಓದಬಹುದು. ಮೆಸೇಜನ್ನೂ ಓದಬಹುದು, ಆದರೆ ಯಾರೂ ಮಡಿಚಿ ಜೇಬಿನಲ್ಲಿ ಇಟ್ಟುಕೊಳ್ಳುವುದಿಲ್ಲ.

ಸೇನೆಗಳಿಗೆ ಇದು ಮೊದಲಿನಿಂದಲೂ ಗೊತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ 1942ರಲ್ಲಿ ವಿ-ಮೇಲ್ ಅಂತ ಶುರುಮಾಡಿತು. ಕಾಗದಗಳ ಫೋಟೊ ತೆಗೆದು ಪುಟ್ಟ ಫಿಲ್ಮ್ ಮಾಡಿ ಕಳಿಸುವುದು, ಅಲ್ಲಿ ಮತ್ತೆ ಪ್ರಿಂಟ್ ಹಾಕಿ ಹಂಚುವುದು. ಒಂದೂವರೆ ಲಕ್ಷ ಕಾಗದಕ್ಕೆ 37 ಚೀಲ ಬೇಕಾಗಿದ್ದ ಕಡೆ ಒಂದೇ ಚೀಲ ಸಾಕಾಯಿತು. ಹಡಗಿನಲ್ಲಿ ಮದ್ದುಗುಂಡಿಗೇ ಜಾಗ ಸಾಲದ ಕಾಲದಲ್ಲಿ ಕಾಗದಕ್ಕಾಗಿ ಇಷ್ಟು ತಲೆ ಕೆಡಿಸಿಕೊಂಡಿದ್ದರು.

ನನಗೆ ಇನ್ನೂ ಇಷ್ಟವಾದ ಕಥೆ ಅದೇ ಅಮೆರಿಕ ಸೇನೆಯ 6888ನೇ ಅಂಚೆ ಬೆಟಾಲಿಯನ್‌ನದು. ಮೇಜರ್ ಚಾರಿಟಿ ಆಡಮ್ಸ್ ಅವರ ಕೈಕೆಳಗೆ 855 ಕಪ್ಪು ಮಹಿಳೆಯರು. 1945ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಬಂದು ನೋಡಿದರೆ ಗೋದಾಮುಗಳ ತುಂಬ ತಲುಪದೇ ಉಳಿದ ಅಂಚೆ. ಕಳೆದ ಕ್ರಿಸ್‌ಮಸ್‌ಗೆ ಅಂತ ಮನೆಯವರು ಕಳಿಸಿದ್ದ ಪಾರ್ಸೆಲ್‌ಗಳೂ ಅದರಲ್ಲೇ, ತಿಂಡಿಯ ಡಬ್ಬಗಳಿಗೆ ಇಲಿ ಬಿದ್ದಿತ್ತು. ಒಂದೇ ಹೆಸರಿನವರು ಸಾವಿರಾರು ಜನ, ರಾಬರ್ಟ್ ಸ್ಮಿತ್ ಅನ್ನುವವರೇ 7,500 ಮಂದಿ. ಕೆಲವು ಲಕೋಟೆಯ ಮೇಲೆ ಬರೀ ಅಡ್ಡಹೆಸರು. ಒಬ್ಬೊಬ್ಬರಿಗೂ ಒಂದು ಕಾರ್ಡು ಮಾಡಿ, ಸೇನಾ ನಂಬರ್ ನೋಡಿ ಬೇರೆ ಬೇರೆ ಮಾಡಿದರು. ಹಗಲು ರಾತ್ರಿ ಮೂರು ಪಾಳಿ. 6 ತಿಂಗಳ ಕೆಲಸ ಅಂತ ಕೊಟ್ಟದ್ದನ್ನು 3 ತಿಂಗಳಲ್ಲಿ ಮುಗಿಸಿದರು. ಅಂಚೆ ಇಲ್ಲದಿದ್ದರೆ ಹುಮ್ಮಸ್ಸೂ ಇಲ್ಲ ಅನ್ನುವುದು ಅವರ ಘೋಷವಾಕ್ಯ. ಅವರಿಗೇ ಥ್ಯಾಂಕ್ಸ್ ಸಿಗಲು ತುಂಬ ತಡವಾಯಿತು. ಅಮೆರಿಕದ ಸಂಸತ್ತಿನ ಚಿನ್ನದ ಪದಕ ಕೊಡುವ ಕಾನೂನಿಗೆ ಸಹಿ ಬಿದ್ದದ್ದು 2022ರಲ್ಲಿ. ಅಷ್ಟು ಹೊತ್ತಿಗೆ ಆ 855 ಜನರಲ್ಲಿ ಬದುಕಿದ್ದವರು ಬೆರಳೆಣಿಕೆಯಷ್ಟು.

ಪ್ರಶ್ನೆ: ಸರಿ, ಕಾಗದದಲ್ಲಿ ಏನು ಬರೆಯಲಿ? ಪೆನ್ ಹಿಡಿದರೆ ಏನೂ ಹೊಳೆಯುತ್ತಿಲ್ಲ.

"ದೇಶದ ಹೆಮ್ಮೆಯ ವೀರ ಯೋಧರೇ, ನಿಮ್ಮ ತ್ಯಾಗ ಬಲಿದಾನಗಳಿಗೆ ಕೋಟಿ ಕೋಟಿ ನಮನ" ಅಂತ ಶುರುಮಾಡಿದರೆ ಎರಡನೇ ಸಾಲಿಗೆ ಏನೂ ಉಳಿಯುವುದಿಲ್ಲ. ಓದುವವರಿಗೂ ಅದು ಭಾಷಣದ ಹಾಗೆ ಕೇಳುತ್ತದೆ. ಬಲಿದಾನ ಅನ್ನುವ ಪದವನ್ನಂತೂ ಬದುಕಿ ಡ್ಯೂಟಿ ಮಾಡುತ್ತಿರುವವರಿಗೆ ಬರೆಯಬೇಡಿ!

ನಿಮ್ಮ ದಿನದ ಬಗ್ಗೆ ಬರೆಯಿರಿ. "ಇವತ್ತು ಬೆಳಗ್ಗೆಯಿಂದ ಕರೆಂಟ್ ಇಲ್ಲ. ಮಗಳು ಹೊಸ ಬಟ್ಟೆ ಹಾಕಿಕೊಂಡು ಕತ್ತಲಲ್ಲೇ ಕನ್ನಡಿ ಮುಂದೆ ನಿಂತಿದ್ದಾಳೆ. ನಮ್ಮ ಯಜಮಾನರು ಏಣಿ ಹತ್ತಿ ದೀಪದ ಸರ ಕಟ್ಟಿದರು, ಅರ್ಧ ಹತ್ತಿಕೊಳ್ಳುತ್ತದೆ, ಅರ್ಧ ಇಲ್ಲ. ನೀವು ಅಲ್ಲಿರುವುದು ನಮಗೆ ಗೊತ್ತು. ಥ್ಯಾಂಕ್ಸ್. ಉತ್ತರ ಬರೆಯಲೇಬೇಕು ಅಂತಿಲ್ಲ." ಇಷ್ಟು ಸಾಕು. ಮನೆಯ ಸದ್ದು ಆ ಕಾಗದದಲ್ಲಿ ಇರಬೇಕು. ಕೊನೆಯ ಸಾಲು ಮಾತ್ರ ಮರೆಯಬೇಡಿ. ಉತ್ತರ ಬರೆಯಬೇಕಲ್ಲ ಅನ್ನುವ ಋಣ ಅವರ ತಲೆ ಮೇಲೆ ಕೂರಬಾರದು.

ಬೇಡದ್ದು: ರಾಜಕೀಯ, ಯಾವ ಪಕ್ಷದ ಹೊಗಳಿಕೆಯೂ ಬೇಡ, ತೆಗಳಿಕೆಯೂ ಬೇಡ. ನಿಮ್ಮ ಮನೆಯ ವಿಳಾಸ, ಫೋನ್ ನಂಬರ್ ಕೂಡ ಅಪರಿಚಿತರಿಗೆ ಬರೆಯುವ ಕಾಗದದಲ್ಲಿ ಬೇಡ.

ಪ್ರಶ್ನೆ: ಶಾಲೆಯ ಮಕ್ಕಳಿಂದ ಕಾರ್ಡ್ ಬರೆಸುತ್ತೇವೆ. ಏನಾದರೂ ಟಿಪ್ಸ್?

ಬೋರ್ಡಿನ ಮೇಲೆ ಬರೆದು ಕಾಪಿ ಮಾಡಿಸಬೇಡಿ. ಇದೊಂದೇ ಟಿಪ್. 40 ಮಕ್ಕಳು ಒಂದೇ ವಾಕ್ಯ ಬರೆದ 40 ಕಾರ್ಡು ಬಂದರೆ ಒಂದು ಓದಿ 39 ಪಕ್ಕಕ್ಕಿಡುತ್ತಾರೆ. ತಪ್ಪು ಕಾಗುಣಿತ ಇರಲಿ ಬಿಡಿ. ಅಣ್ಣನಿಗೆ ಒಂದು ಸಲ ಒಬ್ಬ ಹುಡುಗಿಯ ಕಾರ್ಡು ಬಂದಿತ್ತು. ಟ್ಯಾಂಕ್ ಬಿಡಿಸಿದ್ದಾಳೆ, ಅದಕ್ಕೆ ಕಣ್ಣು, ಬಾಯಿ ಎಲ್ಲ ಇದೆ. ಕೆಳಗೆ ಒಂದೇ ಪ್ರಶ್ನೆ: "ಅಲ್ಲಿ ನಾಯಿ ಇದೆಯಾ?"

ಪ್ರಶ್ನೆ: ಯಾರೂ ಪರಿಚಯ ಇಲ್ಲ. "ಯಾವುದಾದರೂ ಸೈನಿಕರಿಗೆ" ಅಂತ ಬರೆದು ಒಂದು ಪಾರ್ಸೆಲ್ ಕಳಿಸಿಬಿಡಲಾ?

ಬೇಡ. ಬೇಜಾರಾಗಬಹುದು, ಆದರೂ ಬೇಡ.

ಮೊದಲು ಅಮೆರಿಕದಲ್ಲಿ ಹೀಗೆ ಹೆಸರಿಲ್ಲದೆ ಕಳಿಸುವ ವ್ಯವಸ್ಥೆಯೇ ಇತ್ತು. 2001ರಲ್ಲಿ ಅಂಚೆಯಲ್ಲಿ ಆಂತ್ರಾಕ್ಸ್ ಅನ್ನುವ ಮಾರಕ ರೋಗಾಣುವಿನ ಪುಡಿ ಬಂದ ಮೇಲೆ ಅದನ್ನು ನಿಲ್ಲಿಸಿದರು. ಬ್ರಿಟನ್ನಿನ ರಕ್ಷಣಾ ಇಲಾಖೆಯೂ ಹೆಸರಿಲ್ಲದ ಪಾರ್ಸೆಲ್ ಕಳಿಸಬೇಡಿ, ಅದರ ಬದಲು ಸೈನಿಕರ ಸಂಸ್ಥೆಗಳಿಗೆ ಕೊಡಿ ಅಂತಲೇ ಹೇಳುತ್ತದೆ. ಕಾರಣ ಸುರಕ್ಷತೆ ಒಂದೇ ಅಲ್ಲ. ಹಬ್ಬದ ಹೊತ್ತಿಗೆ ಒಂದು ಹೆಲಿಕಾಪ್ಟರ್‌ನಲ್ಲಿ, ಒಂದು ಟ್ರಕ್ಕಿನಲ್ಲಿ ಇಷ್ಟೇ ಜಾಗ ಅಂತ ಇರುತ್ತದೆ. ನೀವು ಪ್ರೀತಿಯಿಂದಲೇ ಕಳಿಸಿದ ಹತ್ತು ಕಿಲೋ ಡಬ್ಬ ಆ ಜಾಗ ತಿಂದರೆ, ಯಾವುದೋ ತಾಯಿ ಮಗನ ಹೆಸರು ಬರೆದು ಕಳಿಸಿದ ಪುಟ್ಟ ಪೊಟ್ಟಣ ಹಿಂದೆ ಉಳಿಯುತ್ತದೆ. ನಿಮಗೆ ಅದು ಗೊತ್ತೂ ಆಗುವುದಿಲ್ಲ. ಕೊಡಲೇಬೇಕು ಅನ್ನಿಸಿದರೆ ಮಾಜಿ ಸೈನಿಕರ ಸಂಘವನ್ನೋ, ಸೈನಿಕ ಕಲ್ಯಾಣ ಕಚೇರಿಯನ್ನೋ ಮೊದಲು ಕೇಳಿ. ಅವರು ಏನು ಬೇಕು ಅನ್ನುತ್ತಾರೋ ಅದನ್ನೇ ಕೊಡಿ.

ಪ್ರಶ್ನೆ: ನನ್ನ ತಮ್ಮನೇ ಪೋಸ್ಟಿಂಗ್‌ನಲ್ಲಿದ್ದಾನೆ. ಅವನಿಗೆ ಪಾರ್ಸೆಲ್ ಹೇಗೆ ಕಟ್ಟಲಿ?

ಇದಕ್ಕೆ ಉತ್ತರ ಕೊಡುವ ಅರ್ಹತೆ ನನಗಿದೆ, ಯಾಕಂದರೆ ಮಾಡಬಾರದ ತಪ್ಪನ್ನೆಲ್ಲ ಮಾಡಿದ್ದೇನೆ. ಮೊದಲ ಪಾರ್ಸೆಲ್‌ನಲ್ಲಿ ಘಮಘಮ ಸೋಪು, ಬಿಸ್ಕತ್ತು ಎರಡನ್ನೂ ಒಂದೇ ಡಬ್ಬದಲ್ಲಿ ಹಾಕಿ ಚೆನ್ನಾಗಿ ಟೇಪು ಸುತ್ತಿದ್ದೆ. ಅದು ಮೂರು ವಾರ ತಿರುಗಿ ತಲುಪಿತು. ಅಣ್ಣ ಫೋನಿನಲ್ಲಿ "ಬಿಸ್ಕತ್ತು ತಿಂದರೆ ಬಾಯಲ್ಲಿ ನೊರೆ ಬರುತ್ತದೆ ಅನ್ನಿಸುತ್ತಿದೆ, ಆದರೂ ಒಂದೂ ಉಳಿದಿಲ್ಲ" ಅಂದ. ಅವನ ಜೊತೆ ಬ್ಯಾರಕ್ಕಿನಲ್ಲಿದ್ದವರ ಬಾಯಲ್ಲಿ ಇವತ್ತಿಗೂ ನನಗೆ ಸೋಪ್ ಬಿಸ್ಕತ್ ತಂಗಿ ಅಂತಲೇ ಹೆಸರು.

ಹಾಗಾಗಿ ವಾಸನೆಯ ಸಾಮಾನು ಬೇರೆ, ತಿನ್ನುವ ಸಾಮಾನು ಬೇರೆ. ಕರಗುವುದು, ಸೋರುವುದು, ಬೇಗ ಕೆಡುವುದು ಬೇಡ. ಸ್ಪ್ರೇ ಡಬ್ಬಿ, ಲೈಟರ್, ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ವಿಮಾನದ ಅಂಚೆಯಲ್ಲಿ ಹೋಗುವುದಿಲ್ಲ, ಸುಮ್ನೆ ವಾಪಸ್ ಬರುತ್ತವೆ. ಡಬ್ಬದಲ್ಲಿ ಖಾಲಿ ಜಾಗ ಬಿಡಬೇಡಿ, ಅಲ್ಲಾಡಿದರೆ ಒಡೆಯುತ್ತದೆ. ಸಂದಿಗೆಲ್ಲ ಕಾಲುಚೀಲ ತುರುಕಿ. ಕಾಲುಚೀಲ ಎಷ್ಟಿದ್ದರೂ ಬೇಕು, ಇದು ಎಲ್ಲ ದೇಶದ ಸೈನಿಕರೂ ಒಪ್ಪುವ ಮಾತು. ತುಟಿಗೆ ಹಚ್ಚುವ ಮುಲಾಮು, ಒಂದು ಇಸ್ಪೀಟ್ ಕಟ್ಟು, ಮನೆಯ ಹೊಸ ಫೋಟೊ. ತಿಂಡಿ ಹಾಕುವುದಾದರೆ ಒಬ್ಬನಿಗೆ ಅಂತ ಹಾಕಬೇಡಿ. ಡಬ್ಬ ಬಿಚ್ಚುವ ಸದ್ದಿಗೆ ಹತ್ತು ಜನ ಸುತ್ತ ನಿಂತಿರುತ್ತಾರೆ.

ವಿಳಾಸದಲ್ಲಿ ಊರಿನ ಹೆಸರು ಬರೆಯಲೇಬೇಡಿ. ಭಾರತದಲ್ಲಿ 56 ಎಪಿಒ ಅಥವಾ 99 ಎಪಿಒ ಅಂತ ಇರುತ್ತದೆ (ಎಪಿಒ ಅಂದರೆ ಸೇನೆಯ ಅಂಚೆ ಕಚೇರಿ), ಪಿನ್ ಕೋಡ್ 9ರಿಂದ ಶುರುವಾಗುತ್ತದೆ. ಬ್ರಿಟನ್ನಿನಲ್ಲಿ ಬಿಎಫ್‌ಪಿಒ ನಂಬರ್ ಇದೆ, ಅಮೆರಿಕದಲ್ಲೂ ಎಪಿಒ ಇದೆ. ಯೂನಿಟ್ ಎಲ್ಲಿದೆ ಅಂತ ಅಂಚೆಯವರಿಗೆ ಗೊತ್ತಿರುತ್ತದೆ, ಲಕೋಟೆ ಓದಿದವರಿಗೆ ಗೊತ್ತಾಗಬಾರದು. ಅದಕ್ಕೇ ಈ ವ್ಯವಸ್ಥೆ. ಬೇಗ ಕಳಿಸಿ. ಹಬ್ಬಕ್ಕೆ ಒಂದು ವಾರ ಇದೆ ಅನ್ನುವಾಗ ಕಳಿಸಿದ್ದು ಹಬ್ಬ ಮುಗಿದ ಮೇಲೆ ಸಿಗುತ್ತದೆ. ಸಿಕ್ಕಿದ ದಿನವೇ ಹಬ್ಬ ಅನ್ನಿ, ಅದೂ ಸರಿಯೇ.

ಪ್ರಶ್ನೆ: ಇಷ್ಟು ಸಣ್ಣ ಡಬ್ಬದಿಂದ ಏನಾಗುತ್ತೆ ಅನ್ನಿಸುತ್ತದೆ.

1914ರ ಕ್ರಿಸ್‌ಮಸ್‌ಗೆ ಮೊದಲನೇ ಮಹಾಯುದ್ಧ ನಡೆಯುತ್ತಿದ್ದಾಗ ಬ್ರಿಟನ್ನಿನ ರಾಜಕುಮಾರಿ ಮೇರಿ, ಆಗ 17 ವರ್ಷ, ಜನರಿಂದ ಚಂದಾ ಎತ್ತಿ ಎಲ್ಲ ಸೈನಿಕರಿಗೂ ನಾವಿಕರಿಗೂ ಒಂದು ಪುಟ್ಟ ಹಿತ್ತಾಳೆ ಡಬ್ಬಿ ಕಳಿಸಿದಳು. ಮುಚ್ಚಳದ ಮೇಲೆ ಅವಳ ಮುಖ, ಕೆಳಗೆ ಕ್ರಿಸ್‌ಮಸ್ 1914 ಅಂತ ಅಚ್ಚು. ಒಳಗೆ ತಂಬಾಕು, ಸಿಗರೇಟು. ನನಗೆ ಮೆಚ್ಚುಗೆಯಾದದ್ದು ಮುಂದಿನದು. ಸಿಗರೇಟು ಸೇದದವರಿಗೆ ಬೇರೆ ಡಬ್ಬಿ: ಹುಳಿ ಪೆಪ್ಪರಮೆಂಟು, ಜೊತೆಗೆ ಕಾಗದ, ಪೆನ್ಸಿಲ್, ಲಕೋಟೆ. ಸಿಖ್ ಸೈನಿಕರಿಗೆ ತಂಬಾಕಿನ ಬದಲು ಕಲ್ಲುಸಕ್ಕರೆ, ಮಸಾಲೆಯ ಒಂದು ಡಬ್ಬಿ. ದಾದಿಯರಿಗೆ ಚಾಕೊಲೇಟು. ಎಲ್ಲರಿಗೂ ಒಂದೇ ಸಾಮಾನು ತುಂಬಿ ಕೈ ತೊಳೆದುಕೊಳ್ಳಲಿಲ್ಲ, ಯಾರಿಗೆ ಯಾವುದು ಆಗಲ್ಲ ಅಂತ ಯಾರೋ ಕೂತು ಯೋಚಿಸಿದ್ದಾರೆ.

ಆ ಕ್ರಿಸ್‌ಮಸ್ ಹೊತ್ತಿಗೆ 4 ಲಕ್ಷಕ್ಕೂ ಹೆಚ್ಚು ಡಬ್ಬಿ ತಲುಪಿದ್ದವು. ಹಿತ್ತಾಳೆ ಸಿಗದೆ ಉಳಿದವರಿಗೆ ಹಂಚುವುದು ವರ್ಷಗಟ್ಟಲೆ ಎಳೆಯಿತು. ತಂಬಾಕು ವಾರದಲ್ಲಿ ಮುಗಿದಿರಬೇಕು. ಡಬ್ಬಿಗಳು ಮಾತ್ರ ಇವತ್ತಿಗೂ ಮೊಮ್ಮಕ್ಕಳ ಮನೆಗಳಲ್ಲಿ, ಮ್ಯೂಸಿಯಂಗಳಲ್ಲಿ ಇವೆ. ಸೂಜಿ, ಗುಂಡಿ, ಹಳೆಯ ಕಾಗದ ಹಾಕಿಡೋಕೆ ಹೇಳಿಮಾಡಿಸಿದ ಸೈಜು.

ಪ್ರಶ್ನೆ: ದುಡ್ಡು ಕೊಡುವುದಾದರೆ ಯಾರಿಗೆ?

ಭಾರತದಲ್ಲಿ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ನಡೆದುಕೊಂಡು ಬಂದಿದೆ. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಧ್ವಜವನ್ನು ಅಂಗಿಗೆ ಚುಚ್ಚಿ ಚಂದಾ ತಗೊಳ್ಳುತ್ತಾರೆ. ಮೂರು ಬಣ್ಣ ಮೂರು ಪಡೆಗಳಿಗೆ. ಆ ನಿಧಿಯನ್ನು ಕೇಂದ್ರೀಯ ಸೈನಿಕ ಮಂಡಳಿ ನೋಡಿಕೊಳ್ಳುತ್ತದೆ, ದುಡ್ಡು ಮಾಜಿ ಸೈನಿಕರಿಗೆ, ತೀರಿಕೊಂಡ ಸೈನಿಕರ ಹೆಂಡತಿ ಮಕ್ಕಳಿಗೆ ಹೋಗುತ್ತದೆ. ಕೇಂದ್ರ ಪೊಲೀಸ್ ಪಡೆಗಳಲ್ಲಿ ಪ್ರಾಣ ಕೊಟ್ಟವರ ಕುಟುಂಬಗಳಿಗೆ ಅಂತ 2017ರಲ್ಲಿ ಭಾರತ್ ಕೆ ವೀರ್ ಶುರುವಾಗಿದೆ. ಬೇರೆ ದೇಶದಲ್ಲಿ ಇರುವವರು ಅಲ್ಲಿಯ ಸೈನಿಕ ಕಲ್ಯಾಣ ಸಂಸ್ಥೆಗಳನ್ನು ನೋಡಿ.

ಒಂದು ಎಚ್ಚರಿಕೆ. ಹಬ್ಬ ಬಂದರೆ "ಸೈನಿಕರ ನಿಧಿಗೆ ದಿನಕ್ಕೆ ಒಂದು ರೂಪಾಯಿ" ಥರದ ಫಾರ್ವರ್ಡ್‌ಗಳು ಓಡಾಡುತ್ತವೆ, ಕೆಳಗೆ ಒಂದು ಅಕೌಂಟ್ ನಂಬರ್. ಅದನ್ನು ನಂಬಿ ಹಾಕಬೇಡಿ, ನಿಧಿಯ ಅಧಿಕೃತ ವೆಬ್‌ಸೈಟಿಗೆ ನೀವೇ ಹೋಗಿ ಹಾಕಿ. "ನಾನು ಆರ್ಮಿಯವನು, ಟ್ರಾನ್ಸ್‌ಫರ್ ಆಗಿದೆ, ಗಾಡಿ ಕಡಿಮೆಗೆ ಮಾರುತ್ತೇನೆ, ಅಡ್ವಾನ್ಸ್ ಹಾಕಿ" ಅನ್ನುವವರೂ ಅದೇ ಜಾತಿ. ಯೂನಿಫಾರಂ ಹಾಕಿದ ಫೋಟೊ, ಐಡಿ ಕಾರ್ಡು ಕಳಿಸುತ್ತಾರೆ. ಅದು ಬೇರೆ ಯಾರದ್ದೋ ಕದ್ದ ಫೋಟೊ.

ಪ್ರಶ್ನೆ: ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿ ಇವೂ ಸೇನೆಯೇ ತಾನೆ?

ಅಲ್ಲ. ಅವು ಗೃಹ ಇಲಾಖೆಯ ಕೈಕೆಳಗಿನ ಪಡೆಗಳು. ಸೇನೆ, ನೌಕಾಪಡೆ, ವಾಯುಪಡೆ ರಕ್ಷಣಾ ಇಲಾಖೆಯವು. ಗಡಿಯ ಚಳಿಗೆ ಈ ವ್ಯತ್ಯಾಸ ಗೊತ್ತಿಲ್ಲ, ಥ್ಯಾಂಕ್ಸ್ ಹೇಳುವಾಗ ನಿಮಗೂ ಬೇಕಾಗಿಲ್ಲ. ನಿಧಿಗೆ ದುಡ್ಡು ಹಾಕುವಾಗ ಮಾತ್ರ ನೋಡಿ ಹಾಕಿ.

ಪ್ರಶ್ನೆ: ಅಣ್ಣ ಹಬ್ಬಕ್ಕೆ ಬರುತ್ತಿದ್ದಾನೆ ಅಂತ ಸ್ಟೇಟಸ್ ಹಾಕಬಹುದಾ?

ಬಂದು, ಇದ್ದು, ವಾಪಸ್ ಹೋದ ಮೇಲೆ ಹಾಕಿ. ಯಾವ ರೈಲು, ಯಾವ ದಿನ, ಯಾವ ಯೂನಿಟ್, ಎಲ್ಲಿಂದ, ಇವು ಯಾವುದೂ ಬೇಡ. ಅತಿಯಾಯ್ತು ಅನ್ನಿಸಿದರೆ ಸ್ಟ್ರಾವಾ ಕಥೆ ಕೇಳಿ. ಓಡುವವರು ಬಳಸುವ ಆ್ಯಪ್ ಅದು. ಬಳಸಿದವರೆಲ್ಲ ಓಡಿದ ದಾರಿಯನ್ನು ಸೇರಿಸಿ ಕಂಪನಿ ಒಂದು ನಕ್ಷೆ ಪ್ರಕಟಿಸಿತು. 2018ರ ಜನವರಿಯಲ್ಲಿ ನೋಡಿದರೆ, ಮರುಭೂಮಿಯ ಕತ್ತಲೆಯ ಮಧ್ಯೆ ಸೇನಾ ನೆಲೆಗಳ ಆಕಾರ ಹೊಳೆಯುತ್ತಿತ್ತು. ಬೆಳಗ್ಗೆ ಬೆಳಗ್ಗೆ ಕಾಂಪೌಂಡ್ ಸುತ್ತ ಓಡಿದ್ದು, ಅಷ್ಟೇ ತಾನೆ ಅವರು ಮಾಡಿದ್ದು.

ಪ್ರಶ್ನೆ: ಸೈನಿಕರ ಮನೆಯವರಿಗೆ ನಾವು ಏನು ಮಾಡಬಹುದು?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ನನ್ನನ್ನು ಕೇಳಿದರೆ ಇದೇ ಮೊದಲನೆಯದಾಗಬೇಕಿತ್ತು.

ಅವರಿಗೆ ಭಾಷಣ ಬೇಡ, ಒಂದು ಜೊತೆ ಕೈ ಬೇಕು. ಹಬ್ಬದ ಹಿಂದಿನ ದಿನ ಗ್ಯಾಸ್ ಖಾಲಿಯಾಗುತ್ತದೆ. ಅತ್ತೆಗೆ ಬಿಪಿ ಏರುತ್ತದೆ. ಟ್ಯೂಬ್‌ಲೈಟ್ ಹೋಗುತ್ತದೆ. ಶಾಲೆಯ ಫಂಕ್ಷನ್ನಿಗೆ ಎಲ್ಲ ಮಕ್ಕಳ ಅಪ್ಪಂದಿರೂ ಬಂದಿರುತ್ತಾರೆ, ಒಂದು ಮಗುವಿನ ಅಪ್ಪ ಇರುವುದಿಲ್ಲ. "ಏನಾದರೂ ಬೇಕಾದರೆ ಹೇಳಿ" ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಅತ್ತಿಗೆ ಒಂದು ಸಲವೂ ಯಾರಿಗೂ ಹೇಳಿಲ್ಲ. ಹೇಳೋಕೆ ಸಂಕೋಚ. ಅದಕ್ಕೇ ಹೀಗೆ ಕೇಳಿ: "ನಾಳೆ ನಾನು ಮಾರ್ಕೆಟ್ಟಿಗೆ ಹೋಗ್ತಾ ಇದ್ದೇನೆ, ನಿಮ್ಮ ಚೀಟಿ ಕೊಡಿ." ಕೊಡದೇ ಇರೋಕೆ ಕಷ್ಟ ಆಗುವ ಹಾಗೆ ಕೇಳಬೇಕು. ಇಲ್ಲವೇ "ಸಂಜೆ ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ, ನೀವು ಅವರ ಜೊತೆ ಆರಾಮವಾಗಿ ಫೋನಿನಲ್ಲಿ ಮಾತಾಡಿ" ಅನ್ನಿ.

ಆ ಫೋನ್ ಅನ್ನುವುದು ಹೇಗಿರುತ್ತೆ ಗೊತ್ತಾ? ವೀಡಿಯೊದಲ್ಲಿ ಮುಖ ನಿಂತುಬಿಡುತ್ತದೆ, ಮಾತು ಹಿಂದಿನಿಂದ ಬರುತ್ತದೆ. ಅಮ್ಮ "ಊಟ ಆಯ್ತಾ?" ಅನ್ನುತ್ತಾಳೆ. ಅವನು ಅದೇ ಹೊತ್ತಿಗೆ "ಊಟ ಆಯ್ತಾ?" ಅನ್ನುತ್ತಾನೆ. ಇಬ್ಬರೂ ಸುಮ್ಮನಾಗುತ್ತಾರೆ. ಮತ್ತೆ ಇಬ್ಬರೂ ಒಟ್ಟಿಗೆ ಶುರುಮಾಡುತ್ತಾರೆ. ಹತ್ತು ನಿಮಿಷದ ಕರೆಯಲ್ಲಿ ಆರು ನಿಮಿಷ ಇದೇ. ಆಗ ನೆಂಟರು ಒಬ್ಬೊಬ್ಬರೇ ಬಂದು ಫೋನಿಗೆ ಮುಖ ತೋರಿಸಿ "ಹೇಗಿದ್ದೀಯಪ್ಪಾ, ಅಲ್ಲಿ ಚಳಿ ಜಾಸ್ತಿನಾ?" ಅಂತ ಕೇಳಿದರೆ ಉಳಿದ ನಾಲ್ಕು ನಿಮಿಷವೂ ಹೋಯಿತು. ಹೆಂಡತಿ ಬಾಗಿಲ ಹತ್ತಿರ ನಿಂತಿರುತ್ತಾಳೆ. ನೀವು ಆ ಮನೆಗೆ ಹೋಗಿದ್ದಾಗ ಅವನ ಫೋನ್ ಬಂದರೆ ನೀವು ಮಾಡಬಹುದಾದ ಅತಿ ದೊಡ್ಡ ಉಪಕಾರ ಅಂದರೆ ನೆಂಟರನ್ನೆಲ್ಲ ಹೊರಡಿಸಿಕೊಂಡು ಆಚೆ ಹೋಗುವುದು.

ಪ್ರಶ್ನೆ: ಮಗನನ್ನೋ ಗಂಡನನ್ನೋ ಕಳೆದುಕೊಂಡ ಮನೆಗೆ ಹಬ್ಬದ ದಿನ ಹೋಗಬಹುದಾ? ನೆನಪು ಮಾಡಿ ಅಳಿಸಿದ ಹಾಗಾಗಲ್ವಾ?

ಅವರು ಮರೆತಿದ್ದರೆ ತಾನೆ ನೀವು ನೆನಪು ಮಾಡುವುದು. ಹೋಗಿ. ತೀರಿಕೊಂಡವರ ಹೆಸರು ಹಿಡಿದು ಮಾತಾಡಿ. ಮೊದಲ ವರ್ಷ ಊರೆಲ್ಲ ಬರುತ್ತದೆ, ಕ್ಯಾಮೆರಾನೂ ಬರುತ್ತದೆ. ನಾಲ್ಕನೇ ವರ್ಷ ಯಾರೂ ಇರುವುದಿಲ್ಲ. ನೀವು ನಾಲ್ಕನೇ ವರ್ಷ ಹೋಗಿ.

ಅಮೆರಿಕದ ಸೇನೆಯ ಊಟದ ಮನೆಗಳಲ್ಲಿ ಕಾಣೆಯಾದವರಿಗೆ, ಸೆರೆಸಿಕ್ಕವರಿಗೆ ಅಂತ ಒಂದು ಸಣ್ಣ ದುಂಡು ಮೇಜು ಇಡುತ್ತಾರೆ. ಬಿಳಿ ಬಟ್ಟೆ, ಒಂದು ಕೆಂಪು ಗುಲಾಬಿ, ತಟ್ಟೆಯಲ್ಲಿ ಒಂದು ಹೋಳು ನಿಂಬೆ, ಚಿಟಿಕೆ ಉಪ್ಪು, ಬೋರಲು ಹಾಕಿದ ಲೋಟ, ಖಾಲಿ ಕುರ್ಚಿ. ನಿಂಬೆ ಅವರ ಪಾಲಿನ ಕಹಿಗೆ, ಉಪ್ಪು ಮನೆಯವರ ಕಣ್ಣೀರಿಗೆ. ಎಲ್ಲರೂ ಅದರ ಪಕ್ಕದಲ್ಲೇ ಕೂತು ಉಣ್ಣುತ್ತಾರೆ, ನಗುತ್ತಾರೆ ಕೂಡ. ಖಾಲಿ ಕುರ್ಚಿಯನ್ನು ಅಟ್ಟಕ್ಕೆ ಹಾಕುವುದಕ್ಕಿಂತ ಇದು ಮೇಲು ಅಂತ ನನಗೆ ಅನ್ನಿಸುತ್ತದೆ.

ಪ್ರಶ್ನೆ: ರಜೆಗೆ ಬಂದವನು ಯಾರ ಜೊತೆಯೂ ಸೇರದೆ ಸುಮ್ಮನೆ ಕೂತಿರುತ್ತಾನೆ. ಏನು ಮಾಡೋದು?

ಕೂರೋಕೆ ಬಿಡಿ. ತಿಂಗಳುಗಟ್ಟಲೆ ಎಚ್ಚರದಲ್ಲಿದ್ದ ಮೈ ಮನೆ ಬಾಗಿಲು ದಾಟಿದ ಕೂಡಲೇ ಸಡಿಲವಾಗುವುದಿಲ್ಲ. ಗುಂಪು, ಗದ್ದಲ, ದಿಢೀರ್ ಪಟಾಕಿ ಕೆಲವರಿಗೆ ಕಷ್ಟ. ಪಟಾಕಿ ಹೊಡೆಯುವುದಿದ್ದರೆ ಮೊದಲೇ ಒಂದು ಮಾತು ಹೇಳಿ. ಗೊತ್ತಿದ್ದು ಕೇಳುವ ಸದ್ದು ಬೇರೆ, ಗೊತ್ತಿಲ್ಲದೆ ಬರುವ ಸದ್ದು ಬೇರೆ. ತಿಂಗಳು ಕಳೆದರೂ ನಿದ್ದೆ ಬರುತ್ತಿಲ್ಲ, ಸಿಟ್ಟು ಹಿಡಿತಕ್ಕೆ ಸಿಗುತ್ತಿಲ್ಲ, ಕುಡಿತ ಜಾಸ್ತಿಯಾಗಿದೆ ಅಂದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ಪ್ರಶ್ನೆ: ನಾನು ಯುದ್ಧದ ಪರ ಅಲ್ಲ. ನಾನೂ ಥ್ಯಾಂಕ್ಸ್ ಹೇಳಬಹುದಾ?

ಧಾರಾಳವಾಗಿ. ಯುದ್ಧ ಬೇಡ ಅಂತ ಅನ್ನಿಸುವುದು ಮೊದಲು ಅದನ್ನು ಮಾಡುವವರಿಗೇ. 1914ರ ಕ್ರಿಸ್‌ಮಸ್ ದಿನ ಪಶ್ಚಿಮ ರಂಗದ, ಅಂದರೆ ಫ್ರಾನ್ಸ್, ಬೆಲ್ಜಿಯಂ ಕಡೆಯ ಯುದ್ಧಭೂಮಿಯ, ಹಲವು ಕಡೆ ಬ್ರಿಟಿಷ್, ಜರ್ಮನ್ ಸೈನಿಕರು ತಾವಾಗಿಯೇ ಕಂದಕದಿಂದ ಮೇಲೆ ಬಂದು ಕೈಕುಲುಕಿದರು. ಸಿಗರೇಟು, ಗುಂಡಿ ಬದಲಾಯಿಸಿಕೊಂಡರು. ಮಧ್ಯೆ ಬಿದ್ದಿದ್ದ ಹೆಣಗಳನ್ನು ಹೂಳಿದರು. ಮೇಲಿನ ಅಧಿಕಾರಿಗಳಿಗೆ ಇದು ಹಿಡಿಸಲಿಲ್ಲ, ಮುಂದೆ ಹೀಗಾಗಬಾರದು ಅಂತ ಆಜ್ಞೆ ಬಂತು. ಯುದ್ಧ ಇನ್ನೂ ನಾಲ್ಕು ವರ್ಷ ನಡೆಯಿತು. ಸರ್ಕಾರದ ತೀರ್ಮಾನವನ್ನು ಪ್ರಶ್ನಿಸುವುದು ಬೇರೆ. ಹಬ್ಬದ ರಾತ್ರಿ ಕಾವಲು ನಿಂತ ಹುಡುಗನಿಗೆ ಒಂದು ಕಾಗದ ಬರೆಯುವುದು ಬೇರೆ. ಎರಡನ್ನೂ ಒಬ್ಬರೇ ಮಾಡಬಹುದು.

ಪ್ರಶ್ನೆ: ಕಾಗದ ಬರೆದೆ, ಉತ್ತರವೇ ಬರಲಿಲ್ಲ. ತಲುಪಿತೋ ಇಲ್ಲವೋ?

ತಲುಪಿರುತ್ತದೆ. ಉತ್ತರ ಬರೆಯೋಕೆ ಪುರುಸೊತ್ತು ಸಿಕ್ಕಿರುವುದಿಲ್ಲ, ಸಿಕ್ಕಾಗ ವಿಳಾಸ ಕಳೆದಿರುತ್ತದೆ, ಅಥವಾ ಏನು ಬರೆಯೋದು ಅಂತ ಗೊತ್ತಾಗಿರುವುದಿಲ್ಲ. ನಿಮಗೇ ಹೊಳೆಯದೆ ಪೆನ್ ಹಿಡಿದು ಕೂತಿದ್ದು ನೆನಪಿದೆಯಲ್ಲ, ಅವರಿಗೂ ಹಾಗೇ. ಕಣ್ಣು ಬಾಯಿ ಇರುವ ಟ್ಯಾಂಕ್ ಬಿಡಿಸಿದ್ದ ಹುಡುಗಿಗೆ ಅಣ್ಣ ಉತ್ತರ ಬರೆಯಲಿಲ್ಲ. ಮೊನ್ನೆ ಟ್ರಂಕ್ ಒರೆಸುವಾಗ ಆ ಕಾರ್ಡು ಸಿಕ್ಕಿತು, ಮಡಿಕೆಯಲ್ಲಿ ಹರಿದು ಟೇಪು ಹಾಕಿದ್ದ. ಅದನ್ನು ತಿರುಗಿಸಿ ಮುರುಗಿಸಿ ನೋಡಿ "ನಾಯಿ ಇತ್ತು ಕಣೇ, ರಾತ್ರಿಯೆಲ್ಲ ನಮ್ಮ ಜೊತೆ ಕಾವಲಿಗೆ ಬರುತ್ತಿತ್ತು" ಅಂದ. ಹೆಸರೇನು ಅಂತ ಕೇಳಿದೆ. "ಹವಾಲ್ದಾರ್" ಅಂದ.